ಸೈಕಲ್ ಟ್ಯೂಬ್ ಕೊಟ್ಟ ಅಣ್ಣನಿಗೆ

ಹೋದ ಭಾನುವಾರ ವಿಜಯಪುರದಲ್ಲಿ, ಗೋಳಗುಮ್ಮಟದ ಹತ್ತಿರದ ನಮ್ಮ ಓಣಿಯಲ್ಲಿ ನನ್ನ ಬೈಕ್ ಹಿಡಿದ ಅಣ್ಣಾ, ನಿಮ್ಮ ಹೆಸರು ಕೇಳೋದೇ ಮರೆತೆ. ಹಿಂದಿನ ಚಕ್ರ ಬಿಚ್ಚುತ್ತಿದ್ದೆ. ಮಳೆಗೆ ನೆನೆದ ಎರೆಮಣ್ಣು. ಸೆಂಟರ್ ಸ್ಟ್ಯಾಂಡಿನ ಒಂದು ಕಾಲು ಹೂತು ಬೈಕ್ ನನ್ನ ಕಡೆಗೇ ವಾಲಿತು. ನೀವು ಜೋಳದ ಚೀಲ ಅಲ್ಲೇ ಒಗೆದು ಓಡಿ ಬಂದಿರಿ. ಇಲ್ಲದಿದ್ದರೆ ನನ್ನ ಮೊಣಕಾಲು ಹೋಗುತ್ತಿತ್ತು, ಅಲ್ವಾ?

ಸುಮ್ನೆ ಹೋಗಲಿಲ್ಲ ನೀವು. ಸ್ಟ್ಯಾಂಡಿನ ಕೆಳಗೆ ಅಗಲವಾದ ಹಲಗೆ ಇಡಿಸಿದಿರಿ. ಹಳೇ ಸೈಕಲ್ ಟ್ಯೂಬಿನ ತುಂಡಿನಿಂದ ಮುಂದಿನ ಬ್ರೇಕ್ ಲಿವರನ್ನು ಹ್ಯಾಂಡಲ್ಲಿಗೆ ಬಿಗಿದು ಕಟ್ಟಿದಿರಿ. ಗಾಡಿ ಮುಂದಕ್ಕೆ ಉರುಳದಿದ್ದರೆ ಸ್ಟ್ಯಾಂಡ್ ಮಡಚೋದಿಲ್ಲ ಅಂದಿರಿ. ಎತ್ತುವಾಗ ತೋಳಿನ ಬಲ ಬೇಡ, ಸ್ಟ್ಯಾಂಡಿನ ಎರಡೂ ಕಾಲು ನೆಲ ಮುಟ್ಟಿದ ಮೇಲೆ ಮೈಭಾರವನ್ನೆಲ್ಲ ಸ್ಟ್ಯಾಂಡ್ ತುಳಿದ ಪಾದಕ್ಕೆ ಹಾಕು ಅಂತ ಮಾಡಿಯೂ ತೋರಿಸಿದಿರಿ. ಚಹಾ ಮಾತ್ರ ಬೇಡವೆಂದಿರಿ. ಟ್ಯೂಬ್ ಇನ್ನೂ ನನ್ನ ಹತ್ತಿರವೇ ಇದೆ. ಥ್ಯಾಂಕ್ಸ್ ಅಣ್ಣಾ.