ಮೇಲ್ಮಿತಿಯೊಂದೇ ಸಾಲದು, ಕೆಳಮಿತಿಯೂ ಬೇಕು

ಐಪಿಎಲ್ ನೋಡಿ ಬಂದವರಿಗೆ ಅಮೆರಿಕದ ಬೇಸ್‌ಬಾಲ್ ಲೆಕ್ಕ ಬೇಗ ತಲೆಗೆ ಹತ್ತುವುದಿಲ್ಲ. ಐಪಿಎಲ್‌ನಲ್ಲಿ 2025ರ ಹರಾಜಿಗೆ ಹತ್ತೂ ತಂಡಗಳಿಗೆ ತಲಾ 120 ಕೋಟಿ ರೂಪಾಯಿ. ಮುಂಬಯಿಗೂ ಅಷ್ಟೇ, ಲಖನೌಗೂ ಅಷ್ಟೇ. ಬೇಸ್‌ಬಾಲ್‌ನ ಮೇಜರ್ ಲೀಗಿನ 30 ತಂಡಗಳಿಗೆ ಅಂಥ ಕಟ್ಟುಪಾಡಿಲ್ಲ, ಆಟಗಾರರ ಒಟ್ಟು ಸಂಬಳ ಒಂದು ಮಿತಿ ದಾಟಿದರೆ ತೆರಿಗೆಯೊಂದಿದೆ ಅಷ್ಟೆ. ಹಾಗಾಗಿ ಸಂಬಳಕ್ಕೇ ಮೇಲ್ಮಿತಿ ಹಾಕಬೇಕೆಂಬ ಮಾತಿದೆ. ಆ ತೆರಿಗೆಯನ್ನು ಗೊತ್ತುಮಾಡಿದ, ಮಾಲೀಕರ ಮತ್ತು ಆಟಗಾರರ ನಡುವಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಹಿಂದಿನ ಸಲ ಮಾತುಕತೆ ಮುರಿದು ಮಾಲೀಕರು 99 ದಿನ ಆಟಕ್ಕೆ ಬೀಗ ಹಾಕಿದ್ದರು.

ತಂಡಗಳ ನಡುವೆ ತಾರತಮ್ಯ ಹುಟ್ಟುವುದು ಸ್ಥಳೀಯ ಟಿವಿ ಹಣದಲ್ಲಿ. ರಾಷ್ಟ್ರೀಯ ಪ್ರಸಾರದ ಹಣ ಎಲ್ಲರಿಗೂ ಸಮಪಾಲು. ಆದರೆ ವರ್ಷದ 162 ಪಂದ್ಯಗಳಲ್ಲಿ ಬಹುಪಾಲನ್ನು ಆಯಾ ತಂಡವೇ ತನ್ನ ಊರಿನ ವಾಹಿನಿಗೆ ಮಾರಿಕೊಳ್ಳುತ್ತದೆ. ಲಾಸ್ ಏಂಜಲೀಸ್ ಡಾಜರ್ಸ್ 2013ರಲ್ಲಿ 25 ವರ್ಷಕ್ಕೆ ಕುದುರಿಸಿದ್ದು 835 ಕೋಟಿ ಡಾಲರ್. ಅತ್ತ ಮಿಲ್ವಾಕಿ, ಕ್ಯಾನ್ಸಸ್ ಸಿಟಿ, ಸಿನ್ಸಿನಾಟಿ ಸೇರಿ 14 ತಂಡಗಳ ಪ್ರಸಾರ ನಡೆಸುತ್ತಿದ್ದ ಕಂಪನಿ 2023ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. ಪ್ರತಿ ತಂಡವೂ ಸ್ಥಳೀಯ ನಿವ್ವಳ ಆದಾಯದ ಶೇ 48ನ್ನು ಒಂದೆಡೆ ಸುರಿದು ಸಮನಾಗಿ ಹಂಚಿಕೊಳ್ಳುತ್ತದೆ, ನಿಜ. ಉಳಿದ ಶೇ 52ರಲ್ಲೇ ಕಂದಕ ಉಳಿದುಬಿಡುತ್ತದೆ.

ಇನ್ನು ತೆರಿಗೆ. 2026ರ ಮಿತಿ 24.4 ಕೋಟಿ ಡಾಲರ್. ಸತತ ಮೂರನೇ ವರ್ಷ ಮಿತಿ ದಾಟಿದ ತಂಡದ ಸಂಬಳ 31.4 ಕೋಟಿ ಎಂದಿಟ್ಟುಕೊಳ್ಳಿ, ಅಂದರೆ 7 ಕೋಟಿ ಹೆಚ್ಚು. ಮೊದಲ 2 ಕೋಟಿಗೆ ಶೇ 50, ನಂತರದ 2 ಕೋಟಿಗೆ ಶೇ 62, ಅದರ ಮೇಲಿನ 2 ಕೋಟಿಗೆ ಶೇ 95, ಕೊನೆಯ 1 ಕೋಟಿಗೆ ಶೇ 110. ಒಟ್ಟು 5.24 ಕೋಟಿ. ಭಾರಿ ದಂಡವೇ, ಆದರೆ ದುಡ್ಡಿದ್ದವರಿಗೆ ಇದು ಬರೀ ಖರ್ಚಿನ ಬಾಬ್ತು. ಡಾಜರ್ಸ್ 2024ಕ್ಕೆ ಸುಮಾರು 10.3 ಕೋಟಿ, 2025ಕ್ಕೆ ಸುಮಾರು 16.9 ಕೋಟಿ ಡಾಲರ್ ತೆರಿಗೆಗೆ ಸಿಕ್ಕಿಕೊಂಡು ಎರಡೂ ವರ್ಷ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದರು. ಸಂಬಳವನ್ನು ಮುಂದೂಡಿದರೆ ತೆರಿಗೆಯ ಲೆಕ್ಕವೂ ಇಳಿಯುತ್ತದೆ: ಡಾಜರ್ಸ್ ತಾರೆ ಶೊಹೆ ಓಹ್ತಾನಿಯ ಹತ್ತು ವರ್ಷದ ಒಪ್ಪಂದದ 70 ಕೋಟಿ ಡಾಲರ್‌ನಲ್ಲಿ 68 ಕೋಟಿ ಬಡ್ಡಿಯಿಲ್ಲದೆ 2034ರಿಂದ 2043ರವರೆಗೆ ಸಲ್ಲುವುದರಿಂದ, ವರ್ಷಕ್ಕೆ 7 ಕೋಟಿಯ ಬದಲು ಸುಮಾರು 4.6 ಕೋಟಿ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಕಡಿಮೆ ಹಣದ ಮಿಲ್ವಾಕಿ ಗೆಲ್ಲುತ್ತಿಲ್ಲವೇ ಎಂದು ಕೇಳುವವರಿದ್ದಾರೆ. 2025ರಲ್ಲಿ ಆ ಊರಿನ ಬ್ರೂವರ್ಸ್ 97 ಪಂದ್ಯ ಗೆದ್ದು ಇಡೀ ಲೀಗಿಗೇ ಮೊದಲಿಗರಾದರು. ಪ್ಲೇಆಫ್‌ನಲ್ಲಿ ಡಾಜರ್ಸ್ ಎದುರು ನಾಲ್ಕಕ್ಕೆ ನಾಲ್ಕೂ ಸೋತರು. ಅವರ ಜಾಣ್ಮೆಗೆ ತಲೆಬಾಗಲೇಬೇಕು, ಆದರೆ ಅದರ ಬೆಲೆಯನ್ನೂ ನೋಡಬೇಕು. ಆರು ವರ್ಷದ ಸೇವೆ ಮುಗಿದರೆ ಆಟಗಾರ ಸ್ವತಂತ್ರ, ಬೇಕಾದಲ್ಲಿಗೆ ಹೋಗಬಹುದು. ಹಾಗಾಗಿ ವರ್ಷದ ಅತ್ಯುತ್ತಮ ಎಸೆತಗಾರನಿಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಗೆದ್ದ ಕಾರ್ಬಿನ್ ಬರ್ನ್ಸ್‌ನನ್ನು ಒಂದು ವರ್ಷ ಮೊದಲೇ, 2024ರ ಫೆಬ್ರವರಿಯಲ್ಲಿ, ಬಾಲ್ಟಿಮೋರ್‌ಗೆ ಕೊಟ್ಟು ಇಬ್ಬರು ಎಳೆಯರನ್ನೂ ಡ್ರಾಫ್ಟ್‌ನ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ) ಒಂದು ಆಯ್ಕೆಯನ್ನೂ ಪಡೆದರು. ತಾವೇ ಬೆಳೆಸಿದ ಆಟಗಾರನ ಹೆಸರಿನ ಜರ್ಸಿ ತೊಟ್ಟ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭವಲ್ಲ.

ಹಾಗೆಂದು ಎಲ್ಲ ಸಣ್ಣ ತಂಡಗಳೂ ಬಡಪಾಯಿಗಳಲ್ಲ. ಹಂಚಿಕೆಯ ಹಣ ಪಡೆದು ಜೇಬಿಗಿಳಿಸುವ ಮಾಲೀಕರನ್ನು ತಡೆಯಲು ಇರುವುದು ಸಡಿಲ ನಿಯಮ: ಪಡೆದದ್ದರ ಒಂದೂವರೆ ಪಟ್ಟು ಸಂಬಳಕ್ಕೆ ಹಾಕದಿದ್ದರೆ ಆಟಗಾರರ ಸಂಘ ದೂರು ಕೊಡಬಹುದು. 2018ರಲ್ಲಿ ಮಯಾಮಿ, ಪಿಟ್ಸ್‌ಬರ್ಗ್, ಟ್ಯಾಂಪಾ ಬೇ, ಓಕ್ಲೆಂಡ್ ಮೇಲೆ ಕೊಟ್ಟ ದೂರು ವರ್ಷಗಟ್ಟಲೆ ಎಳೆಯಿತು. ಇಂಥ ಸ್ಥಿತಿಯಲ್ಲಿ ಬರೀ ಮೇಲ್ಮಿತಿ ತಂದರೆ ಉಳಿಯುವ ಹಣ ಮಾಲೀಕರಿಗೇ ಸೇರುತ್ತದೆ, ಪಿಟ್ಸ್‌ಬರ್ಗ್‌ಗೆ ಒಬ್ಬ ಒಳ್ಳೆಯ ಆಟಗಾರನೂ ಹೆಚ್ಚಾಗಿ ಸಿಗುವುದಿಲ್ಲ. 1994ರಲ್ಲಿ ಮೇಲ್ಮಿತಿಯ ಜಗಳಕ್ಕೇ ಮುಷ್ಕರವಾಗಿ ವರ್ಲ್ಡ್ ಸೀರೀಸ್ ರದ್ದಾಗಿತ್ತು.

ಮೊದಲು ಸ್ಥಳೀಯ ಪ್ರಸಾರ ಹಕ್ಕುಗಳನ್ನು ಲೀಗ್ ಒಟ್ಟಾಗಿ ಮಾರಲಿ, ಹಣ ಪಡೆದ ತಂಡ ಇಂತಿಷ್ಟು ಖರ್ಚು ಮಾಡಲೇಬೇಕೆಂಬ ಕೆಳಮಿತಿ ಬರಲಿ. ಮೇಲ್ಮಿತಿಯ ಮಾತು ಆಮೇಲೆ. ರಾಷ್ಟ್ರೀಯ ಪ್ರಸಾರದ ಒಪ್ಪಂದಗಳು 2028ಕ್ಕೆ ಮುಗಿಯುವುದರಿಂದ ಹಕ್ಕುಗಳನ್ನು ಒಟ್ಟಾಗಿ ಮಾರಲು ಅದೇ ಸರಿಯಾದ ಹೊತ್ತು. ಗಂಟಿರುವುದು ಡಾಜರ್ಸ್ ಬಳಿ: ಅವರ ಟಿವಿ ಒಪ್ಪಂದ 2038ರವರೆಗೆ ಇದೆ. ಅದನ್ನು ಬಿಟ್ಟುಕೊಡಲು ಅವರಿಗೆ ಎಷ್ಟು ಪರಿಹಾರ, ಎಷ್ಟು ವರ್ಷಗಳಲ್ಲಿ ಎಂಬುದನ್ನು ಉಳಿದ 29 ಮಾಲೀಕರು ಮೊದಲು ತಮ್ಮೊಳಗೇ ಇತ್ಯರ್ಥ ಮಾಡಿಕೊಳ್ಳಬೇಕಿದೆ.