ಆಕ್ಸ್‌ಫರ್ಡ್ ಚಿತ್ರಗಳ ಕೈಬಣ್ಣದ ಪ್ರತಿಗಳ ಬಗ್ಗೆ ದೂರು

ಇವರಿಗೆ,
ಗ್ರಾಹಕ ದೂರು ಪರಿಹಾರ ಅಧಿಕಾರಿ

ವಿಷಯ: ಹೇಳಿದಂತಿಲ್ಲದ ಆರು ಚಿತ್ರಪ್ರತಿಗಳು, ಹಣ ವಾಪಸಿಗೆ ಕೋರಿಕೆ

ಮಾನ್ಯರೇ,

ರುಡಾಲ್ಫ್ ಆಕರ್‌ಮನ್ 1814ರಲ್ಲಿ ಲಂಡನ್ನಿನಿಂದ ಎರಡು ಸಂಪುಟಗಳಲ್ಲಿ ಹೊರತಂದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಇತಿಹಾಸ ಗ್ರಂಥದ ಆರು ಚಿತ್ರಗಳ ಪ್ರತಿಗಳು ನಿಮ್ಮಿಂದ ಬಂದು ತಲುಪಿವೆ. ಐದು ಥಾಮಸ್ ಯುವಿನ್ಸ್ ಬರೆದ ಉಡುಪಿನ ಚಿತ್ರಗಳು, ಒಂದು ಕ್ರೈಸ್ಟ್ ಚರ್ಚ್ ಕಾಲೇಜಿನ ಊಟದ ಹಜಾರ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದ, ಪಿಗ್ಮೆಂಟ್ ಶಾಯಿಯ (ನೀರಿನಲ್ಲಿ ಕರಗದ ಬಣ್ಣದ ಪುಡಿಯ ಶಾಯಿ) ಅಚ್ಚು, ಅದರ ಮೇಲೆ ಮೂಲದಂತೆಯೇ ತೆಳು ಜಲವರ್ಣ ಎಂದು ನೀವು ಬರೆದಿದ್ದಿರಿ. ಮೂರರಲ್ಲಿ ಒಂದೂ ನಿಜವಲ್ಲ.

ಮೊದಲು ಕುಚ್ಚಿನ ವಿಷಯ. ಆ ಕಾಲದ ಆಕ್ಸ್‌ಫರ್ಡಿನಲ್ಲಿ ಟೋಪಿಯ ಕುಚ್ಚು ನೋಡಿಯೇ ಹುಡುಗ ಯಾವ ಅಂತಸ್ತಿನವನು ಎಂದು ಹೇಳಬಹುದಿತ್ತು. ಶ್ರೀಮಂತ ಕುಲದವನಿಗೆ ಚಿನ್ನದ ಕುಚ್ಚು. ಕಾಲೇಜಿನಲ್ಲಿ ಚಾಕರಿ ಮಾಡಿಕೊಂಡು ಓದುವ ಸರ್ವಿಟರ್‌ಗೆ ಕುಚ್ಚೇ ಇಲ್ಲ. (ದೊಡ್ಡವರ ಬೆನ್ನು ಹತ್ತುವವರಿಗೆ ಇಂಗ್ಲಿಷಿನಲ್ಲಿ ‘ಟಫ್ಟ್ ಹಂಟರ್’ ಎಂಬ ಹೆಸರು ಬಂದದ್ದು ಈ ಚಿನ್ನದ ಕುಚ್ಚಿನಿಂದಲೇ.) ನಿಮ್ಮ ಕಲಾವಿದರು ಶ್ರೀಮಂತನ ಕುಚ್ಚಿಗೆ ಕಪ್ಪು ಬಳಿದು, ಸರ್ವಿಟರ್‌ಗೆ ಇಲ್ಲದ ಕುಚ್ಚೊಂದನ್ನು ಕಟ್ಟಿದ್ದಾರೆ. ಇಬ್ಬರೂ ಈಗ ಒಂದೇ ಅಂತಸ್ತಿನವರು! ಸಂಗೀತದ ಡಾಕ್ಟರರ ಗೌನು ಕೆನೆ ಬಣ್ಣದ, ಹೂಬಳ್ಳಿ ನೇಯ್ಗೆಯ ರೇಷ್ಮೆ. ಅದನ್ನು ಇಡಿಯಾಗಿ ಕೆಂಪು ಮಾಡಿದ್ದರಿಂದ ಅವರು ಬೇರೆ ವಿಭಾಗದ ಡಾಕ್ಟರರಂತೆ ಕಾಣುತ್ತಾರೆ. ಇವುಗಳನ್ನು ತಿದ್ದಲೂ ಬಾರದು. ಜಲವರ್ಣದಲ್ಲಿ ಕಾಗದದ ಬಿಳುಪೇ ಬೆಳಕು. ಕಪ್ಪಿನ ಮೇಲೆ ಎಷ್ಟು ಹಳದಿ ಹಾಕಿದರೂ ಚಿನ್ನ ಮೂಡುವುದಿಲ್ಲ.

ಇನ್ನು ಅಚ್ಚು. ಮೂಲ ಚಿತ್ರಗಳು ಅಕ್ವಾಟಿಂಟ್. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಕೂರಿಸಿ, ಕಾಯಿಸಿ, ಆಸಿಡ್‌ನಲ್ಲಿ ಕೊರೆಯಿಸಿದರೆ ನವಿರಾದ ಕಾಳುಕಾಳು ಛಾಯೆ ಬರುತ್ತದೆ. ನೆರಳೆಲ್ಲ ಆ ಕಾಳಿನಲ್ಲೇ ಇರುತ್ತದೆ, ಬಣ್ಣ ಹಾಕುವವರ ಕೆಲಸ ಅದರ ಮೇಲೆ ನೀರು ಬೆರೆತ ತೆಳು ಬಣ್ಣ ಹರಿಸುವುದಷ್ಟೇ. ಊಟದ ಹಜಾರದ ಚಾವಣಿಗೆ ನೀವು ಪೋಸ್ಟರ್ ಕಲರ್ ಬಳಿದಿರುವುದರಿಂದ ತೊಲೆಗಳ ನಡುವಿನ ಆಳವೇ ಮುಚ್ಚಿಹೋಗಿದೆ. ಬಣ್ಣ ತಾಗದ ಜಾಗಗಳನ್ನು 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದರೆ ಕಾಣುವುದು ಇಂಕ್‌ಜೆಟ್ ಚುಕ್ಕಿಗಳು. ಪ್ರತಿಯಲ್ಲಿ ಇಂಕ್‌ಜೆಟ್ ಇರುವುದು ತಪ್ಪಲ್ಲ. ಆದರೆ ಗೌನುಗಳ ಅಂಚಿನಲ್ಲೆಲ್ಲ ಗುಲಾಬಿ ಬಣ್ಣ ಸೋರಿ ನಿಂತಿದೆ. ಒದ್ದೆ ಕುಂಚ ತಾಗಿದ ಕೂಡಲೇ ಹೀಗೆ ಹರಡುವುದು ನೀರಿನಲ್ಲಿ ಕರಗುವ ಡೈ ಶಾಯಿ; ಒಣಗಿದ ಪಿಗ್ಮೆಂಟ್ ಶಾಯಿ ಹೀಗೆ ಕದಡುವುದಿಲ್ಲ. ಡೈ ಶಾಯಿ ಬೆಳಕಿಗೆ ಬೇಗ ಮಾಸುತ್ತದೆ ಎಂಬುದು ಇನ್ನೊಂದು ಚಿಂತೆ.

ಕಾಗದ ಯುವಿ ಟಾರ್ಚಿಗೆ ನೀಲಿಯಾಗಿ ಹೊಳೆಯುತ್ತದೆ, ಅಂದರೆ ಬಿಳುಪುಕಾರಕ ಬೆರೆತಿದೆ. ತೂಕ ಹಾಕಿದೆವು: 30 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ ಹಾಳೆ 300 ಜಿಎಸ್‌ಎಂ ಆಗಿದ್ದರೆ ಸುಮಾರು 22 ಗ್ರಾಂ ತೂಗಬೇಕು. ನಿಮ್ಮದು 13 ಗ್ರಾಂ. ನೀರು ಬಿದ್ದಲ್ಲೆಲ್ಲ ಅಲೆಅಲೆಯಾಗಿ ಎದ್ದಿರುವುದಕ್ಕೆ ಇದೇ ಕಾರಣ.

ಅಚ್ಚೊತ್ತುವಾಗ ತಗಡಿನ ಅಂಚು ಕಾಗದದಲ್ಲಿ ಮೂಡಿಸುವ ಒತ್ತುಗುರುತನ್ನೂ ನೀವು ಸೃಷ್ಟಿಸಿದ್ದೀರಿ, ಪಾಪ, ತಪ್ಪು ಜಾಗದಲ್ಲಿ. ಪ್ರಕಾಶಕರ ಹೆಸರಿನ ಸಾಲನ್ನು ತಗಡಿನಲ್ಲೇ ಕೆತ್ತುತ್ತಿದ್ದರಿಂದ ಆ ಗುರುತು ಸಾಲಿನ ಹೊರಗೆ ಬರಬೇಕು. ನಿಮ್ಮ ಗುರುತು ಅಕ್ಷರಗಳ ನಡುವೆಯೇ ಹಾದುಹೋಗಿದೆ.

ಫ್ರೇಮಿನ ಕೆಲಸವೂ ಅಷ್ಟೇ. ಚಿತ್ರವನ್ನು ಗಾಜಿನಿಂದ ದೂರ ಇಡುವ ರಟ್ಟಿನ ಚೌಕಟ್ಟು, ಅಂದರೆ ಮೌಂಟ್, ಇಲ್ಲದೆ ಗಾಜು ಚಿತ್ರಕ್ಕೆ ಅಂಟಿಕೊಂಡಿದೆ, ಹಿಂದೆ ಸೆಲೋಟೇಪ್ ಹಚ್ಚಿದೆ. ಮಳೆಗಾಲದಲ್ಲಿ ಗಾಜಿನ ಒಳಗೆ ತೇವ ಕಟ್ಟಿ ಬೂಷ್ಟು ಹಿಡಿಯಲು ಇಷ್ಟು ಸಾಕು. ಆಸಿಡ್ ರಹಿತ ಮೌಂಟ್ ಹಾಕಿ, ಮೇಲಂಚಿನಲ್ಲಿ ಮಾತ್ರ ಜಪಾನೀ ಕಾಗದದ ಎರಡು ಪಟ್ಟಿಗಳನ್ನು ಗೋಧಿ ಗಂಜಿಯಿಂದ ಅಂಟಿಸಬೇಕಿತ್ತು.

ಆರಕ್ಕೂ ಸೇರಿ ಕೊಟ್ಟ ₹19,200 ಪೂರ್ತಿ ವಾಪಸಾಗಬೇಕು, ಚಿತ್ರಗಳನ್ನು ನಿಮ್ಮ ಖರ್ಚಿನಲ್ಲೇ ಒಯ್ಯಬೇಕು. ಅದೇ ಅಚ್ಚಿನ ಮೇಲೆ ಮತ್ತೆ ಬಣ್ಣ ಹಾಕಿದ ಬದಲಿ ಪ್ರತಿಗಳು ಬೇಡ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳಂತೆ ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು. ಇಲ್ಲವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇವೆ. ಬಿಲ್ಲಿನ ಪ್ರತಿ, ಭೂತಗನ್ನಡಿಯ ಮೂಲಕ ತೆಗೆದ ಫೋಟೋಗಳು ಜೊತೆಗಿವೆ.

ಇತಿ,
ನಿಮ್ಮ ಗ್ರಾಹಕರು