ಷ್ಪೋರ್ ಮಾಡಿದ ಚಿನ್‌ರೆಸ್ಟ್ ಎಡಕ್ಕಿರಲಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯ ಪಿಟೀಲಿನ ಬರಹದಲ್ಲಿ ಜರ್ಮನಿಯ ಪಿಟೀಲು ವಾದಕ, ಸಂಗೀತ ರಚನೆಕಾರ ಲೂಯಿ ಷ್ಪೋರ್‌ಗೆ ಸಿಕ್ಕಿದ್ದು ಒಂದೇ ಸಾಲು: ಚಿನ್‌ರೆಸ್ಟ್, ಅಂದರೆ ಪಿಟೀಲಿನ ಮೇಲೆ ಗದ್ದ ಊರುವ ಬಟ್ಟಲು, ಕಂಡುಹಿಡಿದವನು. ಜೊತೆಗೆ ಅಚ್ಚಾದ ಚಿತ್ರದಲ್ಲಿ ಟೇಲ್‌ಪೀಸಿನ (ತಂತಿಗಳ ಕೆಳತುದಿಯನ್ನು ಕಟ್ಟುವ ಪಟ್ಟಿ) ಎಡಕ್ಕೆ ಕೂತ ಇಂದಿನ ಬಟ್ಟಲು. ಸಾಲು ಸರಿಯಾಗಿದೆ, ಚಿತ್ರ ತಪ್ಪು. ಷ್ಪೋರ್ ಮಾಡಿದ್ದು ಟೇಲ್‌ಪೀಸಿನ ನೇರ ಮೇಲೆ, ನಟ್ಟನಡುವೆ ಕೂರುತ್ತಿತ್ತು. ಆತ ಅದನ್ನು ಕರೆದದ್ದು 'ಗೈಗೆನ್‌ಹಾಲ್ಟರ್' ಎಂದು. ಪಿಟೀಲನ್ನು ಹಿಡಿದು ನಿಲ್ಲಿಸುವಂಥದ್ದು ಎಂದರ್ಥ. ಗದ್ದಕ್ಕೆ ಮೆತ್ತಗಿರಲಿ ಎಂದು ಮಾಡಿದ್ದಲ್ಲ, ವಾದ್ಯ ಜಾರದಿರಲಿ ಎಂದು ಮಾಡಿದ್ದು.

ಯಾಕೆ ಜಾರುತ್ತಿತ್ತು? ನಮ್ಮಲ್ಲಿ ಕೂತು, ಪಿಟೀಲಿನ ಸುರುಳಿಯನ್ನು ಪಾದದ ಮೇಲಿಟ್ಟು ನುಡಿಸುವವರಿಗೆ ಈ ತೊಂದರೆಯೇ ಇಲ್ಲ. ನಿಂತು ನುಡಿಸುವಾಗ ಹಾಗಲ್ಲ. ಎಡಗೈ ತಂತಿಯ ಮೇಲೆ ಮೇಲಿನ ಸ್ಥಾನಕ್ಕೆ ಹೋಗುವಾಗ ವಾದ್ಯ ಕತ್ತಿನ ಕಡೆಗೆ ಒತ್ತಿಕೊಳ್ಳುತ್ತದೆ, ಅಲ್ಲಿ ಅಪಾಯವಿಲ್ಲ. ಅಲ್ಲಿಂದ ಸರ್ರನೆ ಕೆಳಗಿಳಿಯುವಾಗ ಮಾತ್ರ ಕೈ ತನ್ನೊಂದಿಗೆ ಪಿಟೀಲನ್ನೂ ಗದ್ದದಡಿಯಿಂದ ಎಳೆದುಕೊಂಡು ಬರುತ್ತದೆ. ಪೂರ್ತಿ ಜಾರದಿದ್ದರೂ ಅಲುಗಾಡುತ್ತದೆ. ಆಗ ಕಮಾನು ತಂತಿಯ ಮೇಲೆ ನೆಟ್ಟಗೆ ಓಡುವುದಿಲ್ಲ, ನಾದ ಗೊರಗೊರ ಅನ್ನುತ್ತದೆ. ಜಾರದಿರಲೆಂದು ಗದ್ದವನ್ನು ಬಲವಾಗಿ ಒತ್ತಿದರೆ ತಲೆ ಬಗ್ಗುತ್ತದೆ. ಅಷ್ಟೇ ಅಲ್ಲ, ಮೇಲ್‌ಹಲಗೆಯೋ ಟೇಲ್‌ಪೀಸೋ ಒತ್ತಡಕ್ಕೆ ಸಿಕ್ಕಿ ಅದರ ಕಂಪನ ಕಟ್ಟಿಹೋಗುತ್ತದೆ. ಹಲಗೆಯನ್ನು ಮುಟ್ಟದೆ ಅದರ ಮೇಲೆ ಸೇತುವೆಯಂತೆ ನಿಲ್ಲುವ ಒಂದು ಮರದ ತುಂಡು ಈ ಎರಡನ್ನೂ ಒಂದೇ ಏಟಿಗೆ ಬಗೆಹರಿಸಿತು. 1832ರಲ್ಲಿ ವಿಯೆನ್ನಾದಲ್ಲಿ ಅಚ್ಚಾದ ತನ್ನ ಪಿಟೀಲು ಪಾಠದ ಪುಸ್ತಕ 'ವಯೊಲಿನ್‌ಶೂಲೆ'ಯಲ್ಲಿ ಷ್ಪೋರ್ ಇದನ್ನು ವಿವರಿಸುತ್ತಾನೆ. ಅಷ್ಟರಲ್ಲಿ ಹತ್ತು ವರ್ಷಕ್ಕೂ ಮೇಲಾಗಿ ತಾನೇ ಅದನ್ನು ಬಳಸಿ ನೋಡಿದ್ದ. ಚಿನ್‌ರೆಸ್ಟ್ ಹುಟ್ಟಿದ್ದು 1820ರ ಸುಮಾರು ಎಂಬ ಲೆಕ್ಕ ಬಂದದ್ದು ಹಾಗೆ.

ಬಟ್ಟಲು ಎಡಕ್ಕೆ ಸರಿದದ್ದು ಮುಂದಿನವರ ಕೈಯಲ್ಲಿ. ನಡುವೆ ಕೂರುವ ಮಾದರಿ ಈಗಲೂ ಸಿಗುತ್ತದೆ, ಪಿಟೀಲು ಗುರು ಕಾರ್ಲ್ ಫ್ಲೆಷ್ ಹೆಸರಿನಲ್ಲಿ. ಯಾವುದು ಹೊಂದುತ್ತದೆ ಎಂಬುದು ಕತ್ತಿನ ಉದ್ದ, ದವಡೆಯ ಆಕಾರ, ತೋಳಿನ ಅಳತೆ ನೋಡಿ ಹೇಳಬೇಕಾದ ಮಾತು. ಯಾವ ಮಾದರಿಯಾದರೂ ಕೂರಿಸುವಾಗ ಆಗುವ ತಪ್ಪುಗಳು ಅವೇ. ಬಟ್ಟಲನ್ನು ಪಿಟೀಲಿಗೆ ಬಿಗಿಯುವ ಹಿಡಿಗಳ ತಿರುಪು ಸಡಿಲವಿದ್ದರೆ ಒಂದೊಂದು ಸ್ವರಕ್ಕೆ ಜುಯ್ ಎಂದು ದನಿ ಬರುತ್ತದೆ; ನುಡಿಸುವವರು ತಂತಿಯನ್ನೋ ಅದನ್ನು ಎತ್ತಿ ಹಿಡಿಯುವ ಕುದುರೆಯನ್ನೋ ಅನುಮಾನಿಸುತ್ತ ಕೂರುತ್ತಾರೆ. ಅತಿ ಬಿಗಿ ಮಾಡಿದರೆ ಹಲಗೆಗೂ ಪಕ್ಕದ ಪಟ್ಟಿಗೂ ನಡುವಿನ ಅಂಟು ಬಿಡಬಹುದು. ಬಟ್ಟಲಿನ ಅಡಿ ಟೇಲ್‌ಪೀಸಿಗೆ ತಾಗಿದರಂತೂ ಷ್ಪೋರ್ ತಪ್ಪಿಸಲು ಹೊರಟ ದೋಷವೇ ವಾಪಸ್ ಬಂತು. ನಡುವಿನ ಮಾದರಿಯಲ್ಲಿ ಇದರ ಸಾಧ್ಯತೆ ಹೆಚ್ಚು, ಆದ್ದರಿಂದ ಕೆಳಗೆ ಒಂದು ಕಾಗದದ ಚೂರು ತೂರಿಸಿ ಸಲೀಸಾಗಿ ಓಡಾಡುತ್ತದೆಯೇ ಎಂದು ನೋಡುವುದು ಒಳ್ಳೆಯದು. ತಿರುಪು ತಿರುಗಿಸುವ ಕಡ್ಡಿಯನ್ನು ಅದರ ರಂಧ್ರದ ಆಚೆಗೂ ತೂರಿಸಿದರೆ ಪಟ್ಟಿಯ ವಾರ್ನಿಷ್ ಮೇಲೆ ಗೀರು ಬೀಳುತ್ತದೆ. ಹಳೆಯ ಪಿಟೀಲುಗಳಲ್ಲಿ ಆ ಜಾಗದಲ್ಲಿ ಕಾಣುವ ಗೀರುಗಳಲ್ಲಿ ಹಲವು ಹೀಗೆ ಆದವು.

ಇಷ್ಟಕ್ಕೂ ಚಿನ್‌ರೆಸ್ಟ್ ಆತನ ಬೋಧನೆಯ ಒಂದು ಸಣ್ಣ ಭಾಗ. ವಾದ್ಯ ಗದ್ದದಡಿ ಗಟ್ಟಿಯಾಗಿ ನಿಂತರೆ ಎಡಗೈ ಬಿಡುಗಡೆಯಾಗುತ್ತದೆ. ಆ ಕೈಯಿಂದ ಏನು ಮಾಡಿಸಬೇಕು ಎಂಬುದೇ ಪುಸ್ತಕದ ಹೂರಣ. ವೈಬ್ರಾಟೊವನ್ನೇ, ಅಂದರೆ ಬೆರಳು ಅಲುಗಿಸಿ ಸ್ವರ ನಡುಗಿಸುವುದನ್ನೇ, ತೆಗೆದುಕೊಳ್ಳಿ. ಷ್ಪೋರ್ ಅದನ್ನು ನಾಲ್ಕು ಬಗೆಯಾಗಿ ಬಿಡಿಸುತ್ತಾನೆ: ಒತ್ತಿ ಹೇಳುವ ಸ್ವರಕ್ಕೆ ವೇಗದ್ದು, ಭಾವ ತುಂಬಿದ ದೀರ್ಘ ಸ್ವರಕ್ಕೆ ನಿಧಾನದ್ದು, ನಾದ ಏರುವಲ್ಲಿ ನಿಧಾನದಿಂದ ವೇಗಕ್ಕೆ, ಇಳಿಯುವಲ್ಲಿ ವೇಗದಿಂದ ನಿಧಾನಕ್ಕೆ. ಸ್ವರದ ಮೇಲೆ ಅಲೆಗೆರೆ ಎಳೆದು, ಅಲೆಗಳನ್ನು ಒತ್ತಾಗಿಯೋ ಬಿಡಿಯಾಗಿಯೋ ಬರೆದು ಇದನ್ನು ಕಣ್ಣಿಗೆ ಕಾಣಿಸುತ್ತಾನೆ. ಶ್ರುತಿಯಿಂದ ಸರಿದದ್ದು ಕಿವಿಗೆ ಗೊತ್ತಾಗಿಯೂ ಗೊತ್ತಾಗದಷ್ಟಿರಬೇಕು, ಎಲ್ಲ ಸ್ವರಕ್ಕೂ ಬಳಿಯಬಾರದು ಎಂಬುದು ಆತನ ಕಟ್ಟುನಿಟ್ಟು. ಮೊದಲ ಸ್ವರದಿಂದ ಕೊನೆಯವರೆಗೆ ಬೆರಳು ನಡುಗಿಸುತ್ತಲೇ ಇರುವ ಇಂದಿನ ರೂಢಿಗೆ ಇದು ಒಗ್ಗುವುದಿಲ್ಲ. ನಮ್ಮ ಮಟ್ಟಿಗೆ ಷ್ಪೋರ್ ಹೇಳಿದ್ದೇ ಸರಿ. ಕಮಾನನ್ನು ತಂತಿಯ ಮೇಲೆ ಪುಟಿಸಿ ನುಡಿಸುವುದನ್ನು ಆತ ಹೀಗಳೆದದ್ದು ಮಾತ್ರ ಅತಿಯಾಯಿತು.

ಪುಸ್ತಕದ ಅಭ್ಯಾಸಗಳಿಗೆ ಕೆಳಗೆ ಎರಡನೇ ಪಿಟೀಲಿನ ಸಾಲೂ ಇದೆ, ಅದು ಗುರುವಿನದು. ಶಿಷ್ಯ ಒಂಟಿಯಾಗಿ ಉಜ್ಜುವ ಬದಲು ಮೊದಲಿಂದಲೇ ಇನ್ನೊಂದು ದನಿಗೆ ಶ್ರುತಿ ಮತ್ತು ಲಯ ಹೊಂದಿಸಿಕೊಳ್ಳಲಿ ಎಂಬ ಏರ್ಪಾಡು. ಕೊನೆಯಲ್ಲಿ ಫ್ರಾನ್ಸಿನ ಪಿಯೆರ್ ರೋಡ್ ಬರೆದ 7ನೇ ಕನ್ಚೆರ್ಟೊ (ಆರ್ಕೆಸ್ಟ್ರಾ ಜೊತೆ ಒಬ್ಬ ವಾದಕ ನುಡಿಸುವ ಕೃತಿ) ಮತ್ತು ತನ್ನದೇ 9ನೇ ಕನ್ಚೆರ್ಟೊಗೆ ಕಮಾನು, ಬೆರಳು, ಭಾವ ಎಲ್ಲವನ್ನೂ ಗುರುತು ಹಾಕಿಕೊಟ್ಟಿದ್ದಾನೆ. ರೋಡ್‌ನನ್ನು ಬೇಕೆಂದೇ ಆರಿಸಿದ್ದು. ಷ್ಪೋರ್ ಎಳೆಯ ವಯಸ್ಸಿನಲ್ಲಿ ಮಾದರಿ ಎಂದು ನಂಬಿ ಅನುಸರಿಸಿದ್ದು ಆ ವಾದಕನನ್ನೇ.

ಜೀವನದ ವಿವರ ಚಿಕ್ಕದಾಗಿ ಹೇಳುವುದಾದರೆ: 1784ರ ಏಪ್ರಿಲ್ 5ರಂದು ಬ್ರೌನ್‌ಷ್ವೈಗ್‌ನಲ್ಲಿ ಹುಟ್ಟು. 1802ರಲ್ಲಿ ಪಿಟೀಲು ವಾದಕ ಫ್ರಾನ್ಝ್ ಎಕ್ ಜೊತೆ ರಷ್ಯಾ ಯಾತ್ರೆ, ದಾರಿಯುದ್ದಕ್ಕೂ ಪಾಠ. ಅಲ್ಲಿಂದ ತಂದ, ಇಟಲಿಯ ಗ್ವಾರ್ನೆರಿ ಮನೆತನದ ಪಿಟೀಲು 1804ರಲ್ಲಿ ಗ್ಯೋಟಿಂಗನ್ ಊರ ಬಾಗಿಲ ಬಳಿ ಗಾಡಿಯ ಹಿಂದೆ ಕಟ್ಟಿದ್ದ ಪೆಟ್ಟಿಗೆಯ ಸಮೇತ ಕಳುವಾಯಿತು. ಮರುದಿನ ಹೊಲದಲ್ಲಿ ಬರಿಯ ಪೆಟ್ಟಿಗೆ ಸಿಕ್ಕಿತು; ಮುಚ್ಚಳದೊಳಗೆ ಸಿಕ್ಕಿಸಿದ್ದ, ಫ್ರಾನ್ಸಿನ ಟೂರ್ತ್ ಮಾಡಿದ ಕಮಾನು ಕಳ್ಳರ ಕಣ್ಣಿಗೆ ಬಿದ್ದಿರಲಿಲ್ಲ. 1805ರಿಂದ ಗೋಟಾದಲ್ಲಿ ಕಾನ್ಸರ್ಟ್‌ಮಾಸ್ಟರ್ (ಆರ್ಕೆಸ್ಟ್ರಾದ ಪಿಟೀಲುಗಳ ಮುಖ್ಯಸ್ಥ), ಆಮೇಲೆ ವಿಯೆನ್ನಾ, ಫ್ರಾಂಕ್‌ಫರ್ಟ್, 1822ರಿಂದ ಕಾಸೆಲ್ ಆಸ್ಥಾನ.

1806ರಲ್ಲಿ ಮದುವೆಯಾದ ಡೊರೆಟೆ ಶೈಡ್ಲರ್ ಹಾರ್ಪ್ ವಾದಕಿ. ಇಬ್ಬರೂ ಸೇರಿ ನುಡಿಸಲು ಬರೆದ ಸೊನಾಟಾಗಳಲ್ಲಿ ಒಂದು ಜಾಣ್ಮೆಯಿದೆ. ಪಿಟೀಲಿಗೆ ಡಿ ಮೇಜರ್ ಎಂಬ ಸ್ವರಶ್ರೇಣಿ ಚೆನ್ನ, ಬಿಡಿ ತಂತಿಗಳು ಜೊತೆಗೆ ಮೊಳಗುತ್ತವೆ. ಆ ಕಾಲದ ಹಾರ್ಪ್‌ಗೆ ಇ ಫ್ಲ್ಯಾಟ್ ಮೇಜರ್ ಸಲೀಸು. ಷ್ಪೋರ್ ಹಾರ್ಪನ್ನೇ ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿಸಿದ. ಬರಹದಲ್ಲಿ ಆಕೆಯದು ಇ ಫ್ಲ್ಯಾಟ್, ಕೇಳುವ ಕಿವಿಗೆ ಇಬ್ಬರದೂ ಡಿ. ಬಿಗಿ ಕಡಿಮೆಯಾದ್ದರಿಂದ ಹಾರ್ಪಿನ ಕರುಳಿನ ತಂತಿಗಳು ಕಛೇರಿಯ ನಡುವೆ ಹರಿಯುವುದೂ ತಗ್ಗಿತು. ಇಂದು ಈ ಹಾಳೆಗಳನ್ನು ಹಾಗೇ ಮುಂದಿಟ್ಟುಕೊಂಡು ಸಾಮಾನ್ಯ ಶ್ರುತಿಯಲ್ಲಿ ಶುರು ಮಾಡಿದರೆ ಮೊದಲ ಸ್ವರಕ್ಕೇ ಎಡವಟ್ಟಾಗುತ್ತದೆ. ಹಾರ್ಪನ್ನು ಇಳಿಸಬೇಕು, ಇಲ್ಲವೇ ಅದರ ಭಾಗವನ್ನು ಡಿಗೆ ತಿರುಗಿಸಿ ಬರೆದುಕೊಳ್ಳಬೇಕು.

ಆತನ ಬಳಿ ಕಲಿತವರು ಸುಮಾರು ಇನ್ನೂರು ಮಂದಿ. ಕಾಸೆಲ್‌ನಲ್ಲಿ ಕಲಿತ ಫರ್ಡಿನಾಂಡ್ ಡಾವಿಡ್ 1836ರಲ್ಲಿ ಲೈಪ್‌ಝಿಗ್‌ನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾದ ಕಾನ್ಸರ್ಟ್‌ಮಾಸ್ಟರ್ ಆದ. 1843ರಲ್ಲಿ ಅಲ್ಲಿ ಸಂಗೀತಶಾಲೆ ತೆರೆದಾಗ ಪಿಟೀಲಿನ ಗುರುವೂ ಆತನೇ. ಮೆಂಡೆಲ್‌ಸೋನ್‌ನ ಇ ಮೈನರ್ ಕನ್ಚೆರ್ಟೊವನ್ನು 1845ರ ಮಾರ್ಚ್ 13ರಂದು ಮೊದಲು ನುಡಿಸಿದ್ದೂ ಆತನೇ. ಡಾವಿಡ್ ಕೈಯಲ್ಲಿ ಪಳಗಿದ ಆಗುಸ್ಟ್ ವಿಲ್ಹೆಲ್ಮಿ 1876ರಲ್ಲಿ ಬೈರಾಯ್ಟ್‌ನಲ್ಲಿ ವಾಗ್ನರ್‌ನ ಆರ್ಕೆಸ್ಟ್ರಾದ ಪಿಟೀಲುಗಳನ್ನು ಮುನ್ನಡೆಸಿದ. ಪುರವಣಿಯ ಬರಹದಲ್ಲಿ ಮೆಂಡೆಲ್‌ಸೋನ್ ಕನ್ಚೆರ್ಟೊಗೆ ಅರ್ಧ ಪುಟವಿತ್ತು, ಅದನ್ನು ನುಡಿಸಿದವನು ಯಾರ ಶಿಷ್ಯ ಎಂಬುದಕ್ಕೆ ಜಾಗವಿರಲಿಲ್ಲ.

ಷ್ಪೋರ್ ಲಂಡನ್‌ನಲ್ಲಿ 1820ರಲ್ಲಿ ಕೈಯಲ್ಲಿ ಕೋಲು ಹಿಡಿದು ಆರ್ಕೆಸ್ಟ್ರಾ ನಡೆಸಿದ ಕಥೆಯನ್ನೂ ಬರಹ ಹೇಳುತ್ತದೆ. ಅದು ಷ್ಪೋರ್ ತಾನೇ ಬರೆದುಕೊಂಡದ್ದು; ಕಛೇರಿಯಲ್ಲೇ ಹಿಡಿದನೋ ತಾಲೀಮಿನಲ್ಲಿ ಮಾತ್ರವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ. ಅಷ್ಟು ಖಚಿತವಾಗಿ ಅಚ್ಚು ಹಾಕಬಾರದಿತ್ತು.

ಕಾಸೆಲ್‌ನ ದೊರೆಗೂ ಆತನಿಗೂ ಹೊಂದಲಿಲ್ಲ. 1851ರಲ್ಲಿ ರಜೆಯ ಚೀಟಿಗೆ ದೊರೆ ಸಹಿ ಹಾಕಲಿಲ್ಲ. ಷ್ಪೋರ್ ಹಾಗೇ ಹೊರಟ, ಸಂಬಳ ಕಡಿತವಾಯಿತು. 1857ರಲ್ಲಿ ಆತ ಬೇಡವೆಂದರೂ ಪಿಂಚಣಿ ಕೊಟ್ಟು ಮನೆಗೆ ಕಳಿಸಿದರು. ಅದೇ ಚಳಿಗಾಲದಲ್ಲಿ ತೋಳು ಮುರಿದು ಪಿಟೀಲು ನಿಂತಿತು. ಮರುವರ್ಷ ಪ್ರಾಗ್ ಸಂಗೀತಶಾಲೆಯ ಐವತ್ತನೇ ವರ್ಷದ ಸಂಭ್ರಮದಲ್ಲಿ ತನ್ನ ಒಪೆರಾ 'ಯೆಸ್ಸೋಂಡಾ'ವನ್ನು ತಾನೇ ನಿಂತು ನಡೆಸಿಕೊಟ್ಟ. 1859ರ ಅಕ್ಟೋಬರ್ 22ರಂದು ಕಾಸೆಲ್‌ನಲ್ಲೇ ತೀರಿಕೊಂಡ.

ಮುಂದಿನ ವಾರ ತಿದ್ದುಪಡಿ ಹಾಕುವುದಾದರೆ, ಚಿತ್ರದಲ್ಲಿ ಬಟ್ಟಲು ನಡುವೆಯೇ ಇರಲಿ.

ಇಂತಿ,
ಪಾಶ್ಚಾತ್ಯ ಪಿಟೀಲು ಕಲಿಸುವ ಇಬ್ಬರು ಓದುಗರು